ಡಾಂಬರು ಕೇಳದ ಅತಿಥಿಯೂ ಬಂಡಿದಾರಿಯ ಹಕ್ಕೂ

ಮೈಸೂರಿನಿಂದ ಹೊರಟ ರೈಲುಹಳಿ ಚಾಮರಾಜನಗರದಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ಹೊಲಗಳಿವೆ, ಬೆಟ್ಟಗಳಿವೆ, ಕಾಡಿದೆ. ಇವೆಲ್ಲವನ್ನೂ ಹೆಣೆದಿರುವ ಬಂಡಿದಾರಿಗಳಿವೆ. ಬೆಂಗಳೂರು, ಮೈಸೂರುಗಳ ಸೈಕಲ್ ಸವಾರರು ರಜೆಯ ದಿನಗಳಲ್ಲಿ ಈ ದಾರಿಗಳನ್ನು ಹುಡುಕಿಕೊಂಡು ಬರುತ್ತಿದ್ದಾರೆ. ನುಣುಪಾದ ಹೆದ್ದಾರಿಯನ್ನು ಬಿಟ್ಟು, ಜಲ್ಲಿ ಎದ್ದ ಹಾದಿಯಲ್ಲಿ ಬೇಕೆಂದೇ ಧೂಳು ಕುಡಿಯುತ್ತ ಹೋಗುವವರನ್ನು ಕಂಡು ಹೊಲದಲ್ಲಿ ಕಳೆ ಕೀಳುವವರು ನಗುವುದು ಸಹಜವೇ.

ಅವರ ಸೈಕಲ್ಲು ಹಳ್ಳಿ ಕಂಡ ಸೈಕಲ್ಲಲ್ಲ. ಹಿಡಿ ಓಟದ ಸೈಕಲ್ಲಿನಂತೆ ಕೆಳಕ್ಕೆ ಬಾಗಿದೆ. ಟೈರು ಮಾತ್ರ ಓಟದ ಸೈಕಲ್ಲಿನದರಂತೆ ಸಣ್ಣದಲ್ಲ, 40ರಿಂದ 50 ಮಿಲಿಮೀಟರು ಅಗಲ. ಅದರಲ್ಲಿ ಗಾಳಿಯನ್ನು ಕಡಿಮೆ ತುಂಬುತ್ತಾರೆ. ಕಲ್ಲಿನ ಮೇಲೆ ಹೋದಾಗ ಟೈರು ಪುಟಿಯದೆ ಕಲ್ಲನ್ನು ಅಪ್ಪಿಕೊಂಡು ಉರುಳುತ್ತದೆ. ಬೆಲೆ ಕೇಳಿದರೆ ಒಂದು ಜೊತೆ ಎತ್ತು ನೆನಪಾದೀತು. ಅಮೆರಿಕದ ಕಾನ್ಸಾಸ್ ಸೀಮೆಯ ಜಲ್ಲಿರಸ್ತೆಗಳಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಸ್ಪರ್ಧೆಯೊಂದು ಈ ಹವ್ಯಾಸಕ್ಕೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದಕ್ಕೊಂದು ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಇಷ್ಟನ್ನು ತಿಳಿದರೆ ಸಾಕು. ಬೆಟ್ಟಸೀಮೆಯ ಜನ ಯೋಚಿಸಬೇಕಾದ ವಿಷಯ ಸೈಕಲ್ಲಿನದಲ್ಲ, ಅದು ಉರುಳುವ ದಾರಿಯದು.

ಇಲ್ಲಿಯವರೆಗೆ ಈ ಸೀಮೆಗೆ ಬಂದ ಪ್ರವಾಸಿಗರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಡಾಂಬರನ್ನು ಕೇಳಿದವರು. ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳನ್ನು ನೋಡಲು ಬರುವವರಿಗೆ ಕಾರು ಹೊಲದಂಚಿಗೇ ಹೋಗಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ತಡೆದು ಬುಡದಿಂದ ಸರ್ಕಾರಿ ಬಸ್ಸು ಓಡಿಸಬೇಕಾಗಿ ಬಂದದ್ದೂ ಇದೇ ಒತ್ತಡದಿಂದ. ರೆಸಾರ್ಟು ಕಟ್ಟುವವರಿಗೆ ಮೊದಲು ಬೇಕಾಗುವುದು ರಸ್ತೆ. ಹೀಗಿರುವಾಗ ರಸ್ತೆ ಮಣ್ಣಿನದಾಗಿಯೇ ಇರಲಿ ಎಂದು ಬಯಸುವ ಅತಿಥಿಯೊಬ್ಬ ಬಂದಿದ್ದಾನೆ. ಅವನ ಬಯಕೆಗೂ ಹಳ್ಳಿಯ ಹಿತಕ್ಕೂ ಒಂದು ಹಂತದವರೆಗೆ ಹೊಂದಿಕೆಯಿದೆ. ಆ ಹಂತ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಮಾತ್ರ ಹಳ್ಳಿಯೇ ನಿರ್ಧರಿಸಬೇಕು.

ಡಾಂಬರು ರಸ್ತೆಯೇ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹೆರಿಗೆಗೆ ಹೊರಟ ಹೆಣ್ಣುಮಗಳಿಗೆ, ಮಾರುಕಟ್ಟೆಗೆ ಹೊರಟ ಸಣ್ಣ ಈರುಳ್ಳಿಗೆ, ಬಸ್ಸಿಗೆ ಕಾಯುವ ವಿದ್ಯಾರ್ಥಿಗೆ ಊರಿನಿಂದ ಊರಿಗೆ ಗಟ್ಟಿ ರಸ್ತೆ ಬೇಕೇ ಬೇಕು. ಮಣ್ಣಿನ ದಾರಿಯ ಸೊಗಸನ್ನು ಹಾಡಿ ಹೊಗಳುವವರು ಮಳೆಗಾಲದಲ್ಲಿ ಎರೆಭೂಮಿಯ ಕೆಸರಿನಲ್ಲಿ ಅರಿಶಿನದ ಗಾಡಿ ಹೂತುಹೋದದ್ದನ್ನು ಕಂಡಿರಲಾರರು. ಪ್ರಶ್ನೆ ಇರುವುದು ಊರಿನಿಂದ ಹೊಲಕ್ಕೆ, ಹೊಲದಿಂದ ಕೆರೆಗೆ, ಕೆರೆಯಿಂದ ಗೋಮಾಳಕ್ಕೆ ಹೋಗುವ ದಾರಿಗಳ ಬಗ್ಗೆ. ಇವುಗಳಿಗೆ ಬೇಕಾದದ್ದು ಡಾಂಬರಲ್ಲ. ನಡುವೆ ತುಸು ಉಬ್ಬು, ಎರಡೂ ಬದಿಗೆ ಚರಂಡಿ, ಇಳಿಜಾರಿನಲ್ಲಿ ಅಲ್ಲಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡ ಏರಿ, ಇಷ್ಟೇ. ಇದಿಲ್ಲದ ದಾರಿಯೇ ಮೊದಲ ಮಳೆಗೆ ಹಳ್ಳವಾಗುತ್ತದೆ. ಗಾಲಿಯ ಜಾಡಿನಲ್ಲಿ ಮಣ್ಣು ಬಿಗಿದು ನೀರು ಇಂಗುವುದಿಲ್ಲ. ಇಂಗದ ನೀರು ಜಾಡು ಹಿಡಿದು ಓಡುತ್ತದೆ. ಓಡಿದ ನೀರು ಜಾಡನ್ನು ಕೊರಕಲು ಮಾಡುತ್ತದೆ. ಕೊರಕಲನ್ನು ತಪ್ಪಿಸಲು ಬಂಡಿ ಪಕ್ಕದ ಹೊಲಕ್ಕೆ ಹತ್ತುತ್ತದೆ. ಆಮೇಲೆ ಹೊಲದವನಿಗೂ ಬಂಡಿಯವನಿಗೂ ಜಗಳ.

ಇಲ್ಲಿ ಸೈಕಲ್ಲಿನ ಪಾಲು ಎಷ್ಟು? ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ನಡೆಸಿದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಹೊರಟ ಸೂತ್ರವೊಂದಿದೆ: ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆ. ಅದು ಕಟ್ಟಿದ ರಸ್ತೆಯ ಲೆಕ್ಕ, ಮಣ್ಣಿನ ದಾರಿಗೆ ಅಕ್ಷರಶಃ ಹೊಂದದು. ಆದರೂ ದಿಕ್ಕು ತೋರಿಸುತ್ತದೆ. ಸವಾರನೂ ಸೈಕಲ್ಲೂ ಸೇರಿ ನೂರು ಕಿಲೋ ಮುಟ್ಟುವುದು ಕಷ್ಟ. ಕಲ್ಲು ತುಂಬಿದ ಟಿಪ್ಪರು ಹತ್ತಾರು ಟನ್ನು. ಸಾವಿರ ಸೈಕಲ್ಲು ಹೋದರೂ ಹಾಳಾಗದ ದಾರಿಯನ್ನು ಕ್ವಾರಿಯ ಟಿಪ್ಪರುಗಳು ಒಂದೇ ವಾರದಲ್ಲಿ ಹದಗೆಡಿಸಬಲ್ಲವು. ಚಾಮರಾಜನಗರದ ಕರಿಕಲ್ಲು ಜಗತ್ತಿನಲ್ಲೆಲ್ಲ ಹೆಸರಾಗಿದೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಿಳಿಕಲ್ಲಿನ ಗಣಿಗಳಿವೆ. 2022ರ ಮಾರ್ಚ್‌ನಲ್ಲಿ ಮಡಹಳ್ಳಿಯ ಗಣಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡದ್ದನ್ನು ಈ ಸೀಮೆ ಮರೆತಿಲ್ಲ. ದಾರಿಯ ಶತ್ರು ಯಾರೆಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ದಾರಿಯೆಂದರೆ ಗಾಲಿ ಉರುಳುವ ಜಾಗ ಮಾತ್ರವೂ ಅಲ್ಲ. ಹಳೆಯ ಬಂಡಿದಾರಿಯ ಎರಡೂ ಬದಿಗೆ ಕಳ್ಳಿ, ಕತ್ತಾಳೆ, ಲಕ್ಕಿ, ಹೊಂಗೆ, ಬೇವುಗಳ ಬೇಲಿಸಾಲು ಇರುತ್ತದೆ. ಉಳುಮೆ ತಾಗದ, ಔಷಧಿ ಬೀಳದ ನೆಲ ಈಗ ಹೊಲಗಳ ನಡುವೆ ಉಳಿದಿರುವುದು ಬಹುತೇಕ ಅಲ್ಲಿ ಮಾತ್ರ. ಕಾಡುಜೇನು, ತುಡುವೆ, ಮಣ್ಣಿನಲ್ಲಿ ಗೂಡು ಮಾಡುವ ಒಂಟಿಜೇನುಗಳು ಬದುಕುವುದು ಇಂಥ ಕಡೆಗಳನ್ನು ಆಶ್ರಯಿಸಿ. ಸೂರ್ಯಕಾಂತಿಯಂತೂ ಜೇನಿನ ಹಂಗಿನ ಬೆಳೆ. ಹೂವಿನಿಂದ ಹೂವಿಗೆ ಪರಾಗ ಹೋಗದಿದ್ದರೆ ತೆನೆಯ ನಡುವೆ ಜೊಳ್ಳು ಉಳಿಯುತ್ತದೆ. ಬೇಲಿಸಾಲನ್ನು ಜೆಸಿಬಿಯಿಂದ ಕಿತ್ತು, ದಾರಿಯನ್ನು ಅಗಲಿಸಿ ಡಾಂಬರು ಹಾಕಿದ ವರ್ಷವೇ ಯಾರಿಗೂ ನಷ್ಟ ಕಾಣುವುದಿಲ್ಲ. ಕೆಲವು ವರ್ಷಗಳ ಮೇಲೆ ಇಳುವರಿ ಕುಗ್ಗಿದಾಗ ಬೀಜವನ್ನು ದೂರುತ್ತಾರೆ, ಗೊಬ್ಬರವನ್ನು ದೂರುತ್ತಾರೆ; ಬೇಲಿಯ ನೆನಪು ಯಾರಿಗೂ ಬರುವುದಿಲ್ಲ.

ಡಾಂಬರಿಗಿಂತ ದೊಡ್ಡ ಅಪಾಯವೊಂದಿದೆ, ಅದು ಸದ್ದಿಲ್ಲದ್ದು. ದಾರಿಗಳು ಇಲ್ಲವಾಗುತ್ತಿವೆ. ಗ್ರಾಮ ನಕಾಶೆಯಲ್ಲಿ ಗೆರೆ ಎಳೆದು ತೋರಿಸಿದ ದಾರಿಗೆ ಜನ 'ನಕಾಶೆ ದಾರಿ' ಎನ್ನುತ್ತಾರೆ. ಪಹಣಿಯಲ್ಲಿ ಅದು 'ಬಿ ಖರಾಬು' ಎಂದು ಕಾಣಿಸುತ್ತದೆ. ಎಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರ್ಕಾರದ ಸ್ವತ್ತು. ಕಾಗದದ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ. ನೆಲದ ಮೇಲೆ ಆಗುವುದೇ ಬೇರೆ. ಪ್ರತಿ ಉಳುಮೆಗೆ ಒಂದು ಸಾಲಿನಷ್ಟು ದಾರಿ ಹೊಲಕ್ಕೆ ಸೇರುತ್ತದೆ. ಇಬ್ಬದಿಯ ರೈತರೂ ಹಾಗೆಯೇ ಮಾಡಿದರೆ ಎರಡು ಬಂಡಿ ಎದುರುಬದುರಾಗುತ್ತಿದ್ದ ದಾರಿ ಕೆಲವೇ ವರ್ಷಗಳಲ್ಲಿ ಕಾಲುದಾರಿ. ಊರಿನವರ ಹಸಿವಿನಿಂದ ಹೀಗೆ ಹೋದದ್ದು ಕೊಂಚ. ಹೊರಗಿನಿಂದ ಬಂದು ಹತ್ತಾರು ಎಕರೆ ಒಟ್ಟಿಗೆ ಕೊಂಡು, ಸುತ್ತ ತಂತಿಬೇಲಿ ಎಳೆದು, ನಡುವಿನ ದಾರಿಯನ್ನೂ ಒಳಗೆ ಹಾಕಿಕೊಂಡವರಿಂದ ಹೋದದ್ದು ಇನ್ನೂ ಹೆಚ್ಚು. ಬಡರೈತನ ಮಗಳು ಆಮೇಲೆ ಶಾಲೆಗೆ ಸುತ್ತು ಹಾಕಿ ಹೋಗಬೇಕು.

ಆ ಮಗಳ ಸೈಕಲ್ಲಿನ ಮಾತೂ ಇಲ್ಲಿ ಬರಬೇಕು. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಈ ದಾರಿಗಳಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ ತುಳಿದರು. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ನಗರದ ಸವಾರ ಈಗ ದುಬಾರಿ ಸೈಕಲ್ಲಿನಲ್ಲಿ ಕಂಡುಕೊಳ್ಳುತ್ತಿರುವ ಖುಷಿಯನ್ನು ಅವರು ಹೊಸದೆಂದು ತಿಳಿದಿರಲಿಲ್ಲ. ಬೆನ್ನ ಮೇಲೆ ಪುಸ್ತಕದ ಚೀಲ, ಕ್ಯಾರಿಯರಿನಲ್ಲಿ ತಂಗಿ, ಕೆಳಗೆ ಇದೇ ಜಲ್ಲಿ. ಈ ಸೀಮೆಯ ಮೊದಲ ಜಲ್ಲಿದಾರಿ ಸವಾರರು ಯಾರು ಎಂದು ಯಾರಾದರೂ ಇತಿಹಾಸ ಬರೆದರೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರನ್ನೂ ಈ ಹುಡುಗಿಯರನ್ನೂ ಮೊದಲ ಪುಟದಲ್ಲಿ ನಿಲ್ಲಿಸಬೇಕಾದೀತು.

ದಾರಿಯ ಬೆಲೆಯೆಲ್ಲ ಅದರ ಅಖಂಡತೆಯಲ್ಲಿದೆ. ನಡುವೆ ಇಪ್ಪತ್ತು ಗಜ ಕಡಿದುಹೋದರೆ ಉಳಿದ ಎರಡು ಮೈಲಿಯೂ ನಿಷ್ಪ್ರಯೋಜಕ. ಇದನ್ನು ಅರಿಯಲು ಬಿಟ್ಟುಹೋದ ರೈಲುದಾರಿಗಳ ಕಥೆ ಬಹಳ ಸಹಾಯಕ. ಜಗತ್ತಿನ ಜಲ್ಲಿದಾರಿ ಸವಾರರಿಗೆ ಅತ್ಯಂತ ಪ್ರಿಯವಾದದ್ದೂ ಅವೇ. ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಅದರ ಹಾದಿ ಬೆಟ್ಟದಲ್ಲಿಯೂ ಸೌಮ್ಯವಾಗಿ ಏರುತ್ತದೆ. ಹಳಿ ಕಿತ್ತ ಮೇಲೆ ಕೆಳಗಿನ ಜಲ್ಲಿ ಸೈಕಲ್ಲಿಗೆ ಸಿದ್ಧವಾದ ಹಾಸು. ಅಮೆರಿಕದಲ್ಲಿ 1983ರಲ್ಲಿ ಒಂದು ಕಾನೂನು ಬಂತು: ಓಡಾಟ ನಿಂತ ರೈಲುಜಾಡನ್ನು ತುಂಡುತುಂಡಾಗಿ ಮಾರಿಹಾಕದೆ, ಮುಂದೆಂದಾದರೂ ರೈಲಿಗೇ ಬೇಕಾದೀತೆಂದು ಇಡಿಯಾಗಿ ಉಳಿಸಿ, ಅಲ್ಲಿಯವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡಬಹುದು. ಸ್ಪೇನ್ ದೇಶ 1993ರಿಂದ 'ಹಸಿರು ಹಾದಿ'ಗಳೆಂಬ ಹೆಸರಿನಲ್ಲಿ ಇಂಥ 3,000 ಕಿಲೋಮೀಟರಿಗೂ ಹೆಚ್ಚು ದಾರಿಯನ್ನು ತೆರೆದಿದೆ. ನ್ಯೂಜಿಲೆಂಡಿನ ಒಟಾಗೊ ಸೀಮೆಯಲ್ಲಿ 2000ದಲ್ಲಿ ತೆರೆದ 150 ಕಿಲೋಮೀಟರಿನ ಹಾದಿ ಕುರಿಗಾರರ ನಡುವೆಯೇ ಹಾದುಹೋಗುತ್ತದೆ. ರೈಲು ನಿಂತ ಮೇಲೆ ಸೊರಗಿದ್ದ ಸಣ್ಣ ಊರುಗಳು ಸವಾರರಿಗೆ ಊಟ, ವಸತಿ ಕೊಟ್ಟು ಚೇತರಿಸಿಕೊಂಡವು. ಹತ್ತಿರದ ಉದಾಹರಣೆ ಬೇಕೆಂದರೆ ನಿಲಂಬೂರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶೊರನೂರು–ನಿಲಂಬೂರು ಹಳಿಯನ್ನು ಕಿತ್ತೊಯ್ದರು; ಆ ದಾರಿಗೆ ಹೊಸ ಹಳಿ ಬಂದದ್ದು 1954ರಲ್ಲಿ.

ಕರ್ನಾಟಕಕ್ಕೂ ಇಂಥದೊಂದು ಅವಕಾಶ ಸಿಕ್ಕಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ಮೀಟರ್‌ಗೇಜ್ ದಾರಿ, ಹಳಿ ಬದಲಾವಣೆಗಾಗಿ 1990ರ ದಶಕದ ನಡುವಿನಿಂದ ಸುಮಾರು ಒಂದು ದಶಕ ರೈಲಿಲ್ಲದೆ ಇತ್ತು. 57 ಸುರಂಗಗಳು, ಎತ್ತರದ ಸೇತುವೆಗಳು, ಸುತ್ತ ಮಳೆಕಾಡು. ಬೆಂಗಳೂರಿನ ಚಾರಣಿಗರು ಗುಂಪುಗುಂಪಾಗಿ ಬಂದು ಹಳಿಯ ಮೇಲೆ ನಡೆದರು. ಅವರು ಬಿಟ್ಟುಹೋದದ್ದು ಸುರಂಗದ ಬಾಯಲ್ಲಿ ಬಾಟಲಿ, ಹಳ್ಳದಲ್ಲಿ ಪ್ಲಾಸ್ಟಿಕ್ಕು. ದಾರಿಯನ್ನು ನೋಡಿಕೊಳ್ಳುವ ಹೊಣೆ ಯಾರದೂ ಆಗಿರಲಿಲ್ಲ. ಸುತ್ತಲಿನ ಊರುಗಳೊಂದಿಗೆ ಒಪ್ಪಂದವೂ ಇರಲಿಲ್ಲ. 2006ರಲ್ಲಿ ಗೂಡ್ಸು, 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಬಂದ ಮೇಲೆ ಅಲ್ಲಿ ನಡೆಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಒಂದು ದಶಕದ ಓಡಾಟ ಊರುಗಳಿಗೆ ಕಸವನ್ನಲ್ಲದೆ ಹೆಚ್ಚೇನನ್ನೂ ಉಳಿಸಲಿಲ್ಲ.

ಚಾಮರಾಜನಗರದ ದಾರಿಯ ಕಥೆ ಬೇರೆ. 1926ರಲ್ಲಿ ಇಲ್ಲಿಗೆ ತಲುಪಿದ ಮೀಟರ್‌ಗೇಜ್ ಹಳಿ 2008ರಲ್ಲಿ ಬ್ರಾಡ್‌ಗೇಜ್ ಆಯಿತು. ಕವಲಂದೆ, ಬದನಗುಪ್ಪೆ, ಮರಿಯಾಲದ ಗಂಗವಾಡಿ ನಿಲ್ದಾಣಗಳ ಮೂಲಕ ರೈಲು ಈಗಲೂ ಬರುತ್ತದೆ, ಬರಲೇಬೇಕು. ಇದು ಬಡವರ ರೈಲು. ಬದಲಾವಣೆಯಲ್ಲಿ ಹಿಂದೆ ಉಳಿದ ದೊಡ್ಡ ಆಸ್ತಿ ನಂಜನಗೂಡಿನ ಬಳಿ ಕಪಿಲೆಯ ಮೇಲಿನ ಕಲ್ಲುಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದೆಂದು ಹೇಳುವ ಈ ಸೇತುವೆ ಬಹುಕಾಲ ರಸ್ತೆಯನ್ನೂ ರೈಲನ್ನೂ ಒಟ್ಟಿಗೆ ಹೊತ್ತಿತ್ತು. ಬ್ರಾಡ್‌ಗೇಜಿಗೆ ಬೇರೆ ಸೇತುವೆ ಬಂತು. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ ಮೀಸಲಿಟ್ಟು ಜೋಪಾನ ಮಾಡಲು ಇದಕ್ಕಿಂತ ತಕ್ಕ ರಚನೆ ಈ ಭಾಗದಲ್ಲಿ ಇನ್ನೊಂದಿಲ್ಲ. ಗುಂಡ್ಲುಪೇಟೆ ಮಾತ್ರ ಇಂದಿಗೂ ರೈಲನ್ನು ಕಂಡಿಲ್ಲ. ಚಾಮರಾಜನಗರದಿಂದ ಸತ್ಯಮಂಗಲದತ್ತ, ನಂಜನಗೂಡಿನಿಂದ ನಿಲಂಬೂರಿನತ್ತ ಹಳಿ ಎಳೆಯುವ ಪ್ರಸ್ತಾಪಗಳು ಮತ್ತೆ ಮತ್ತೆ ಎದ್ದು, ಕಾಡಿನ ಅಂಚಿಗೆ ಬಂದು ನಿಂತಿವೆ. ನಿಂತದ್ದು ಒಳ್ಳೆಯದೇ ಆಯಿತೆನ್ನಲು ಕಾರಣ ಆ ಕಾಡೇ.

ಸೈಕಲ್ ಸವಾರನಿಗೂ ಅಲ್ಲಿಯೇ ಗಡಿ ಹಾಕಬೇಕು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಆಚೆಗೆ ಸತ್ಯಮಂಗಲ, ಮೂರೂ ಹುಲಿ ಮೀಸಲುಗಳು. ಇವುಗಳನ್ನು ಬೆಸೆಯುವ ಆನೆಹಾದಿಗಳು ಕಣಿಯನಪುರದ ಬಳಿ, ಪುಣಜನೂರಿನ ಬಳಿ, ಎಡೆಯರಹಳ್ಳಿ–ದೊಡ್ಡಸಂಪಿಗೆಯ ನಡುವೆ ಕಿರಿದಾದ ಕೊರಳಿನಂತೆ ಹಾಯುತ್ತವೆ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿರುವುದು ಕಾಡಿಗೆ ಉಸಿರಾಡಲು ಸಮಯ ಬೇಕೆಂಬ ಕಾರಣಕ್ಕೇ. ಸೈಕಲ್ಲು ಹೊಗೆ ಬಿಡುವುದಿಲ್ಲ, ಸದ್ದು ಮಾಡುವುದಿಲ್ಲ, ಆದ್ದರಿಂದ ಕಾಡಿಗೆ ಹೋದರೆ ತಪ್ಪೇನು ಎಂದು ಸವಾರರು ವಾದಿಸುವುದುಂಟು. ಸದ್ದಿಲ್ಲದಿರುವುದೇ ಅಪಾಯ. ಜೀಪಿನ ಸದ್ದಿಗೆ ಆನೆ ದೂರದಿಂದಲೇ ಎಚ್ಚೆತ್ತು ಸರಿಯುತ್ತದೆ. ತಿರುವಿನಲ್ಲಿ ಥಟ್ಟನೆ ಎದುರಾಗುವ ಸೈಕಲ್ಲಿಗೆ ಸರಿಯಲು ಅದಕ್ಕೆ ಹೊತ್ತೇ ಸಿಗದು. ಬಿಸಿಲು ತಪ್ಪಿಸಲು ಸವಾರ ಆರಿಸಿಕೊಳ್ಳುವ ಮುಂಜಾನೆ, ಮುಸ್ಸಂಜೆಗಳೇ ಆನೆ ಮೇಯಲು ಹೊರಡುವ ವೇಳೆ. ರಾತ್ರಿಯೆಲ್ಲ ಹೊಲ ಕಾದು ಬೆಳಿಗ್ಗೆ ಮನೆಗೆ ಹೋಗುವ ರೈತನನ್ನು ಕೇಳಿದರೆ ಯಾವ ದಾರಿಗೆ ಯಾವ ಹೊತ್ತಿನಲ್ಲಿ ಹೋಗಬಾರದೆಂದು ಹೇಳಿಯಾನು. ಮೊಬೈಲಿನ ನಕ್ಷೆ ಅದನ್ನು ಹೇಳುವುದಿಲ್ಲ. ಒಬ್ಬ ಸವಾರ ತನ್ನ ಜಾಡನ್ನು ದಾಖಲಿಸಿ ಹಂಚಿದರೆ ಮುಂದಿನ ವಾರ ಐವತ್ತು ಮಂದಿ ಅದೇ ಜಾಡಿನಲ್ಲಿ ಬರುತ್ತಾರೆ. ಕಾಡಂಚಿನ ಜಾಡುಗಳನ್ನು ಹೀಗೆ ಹಂಚುವುದನ್ನು ಸವಾರರೇ ನಿಲ್ಲಿಸಬೇಕು. ಶತಮಾನಗಳಿಂದ ಕಾಡಿನೊಳಗೆ ನಡೆದಾಡಿದ ಸೋಲಿಗರಿಗೆ ತಮ್ಮ ಕಾಡಿನ ಹಕ್ಕನ್ನು ಕಾಗದದಲ್ಲಿ ಪಡೆಯಲು 2011ರವರೆಗೆ ಕಾಯಬೇಕಾಯಿತು. ರಜೆಯ ಸವಾರನಿಗೆ ಅದು ಒಂದು ಬೆಳಗಿನಲ್ಲಿ ದಕ್ಕುವುದು ನ್ಯಾಯವಲ್ಲ.

ಇನ್ನೊಂದು ಎಚ್ಚರಿಕೆ ಟೈರಿನ ಕೆಸರಿನದು. ಹುಲುಸಾಗಿ ಬೆಳೆದ ಒಂದೇ ಪಾರ್ಥೇನಿಯಂ ಗಿಡ 15,000ಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಅವು ಪುಡಿಯಂತೆ ಸಣ್ಣವು, ಒದ್ದೆ ಮಣ್ಣಿನೊಡನೆ ಅಂಟಿಕೊಂಡು ಊರಿಂದ ಊರಿಗೆ ಸಾಗುತ್ತವೆ. 1984ರಲ್ಲಿ ಮೆಕ್ಸಿಕೊ ಮೂಲದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟು ಅದನ್ನು ಹತೋಟಿಗೆ ತರಲು ಯತ್ನಿಸಿದರೂ ಕಳೆ ಇನ್ನೂ ತೊಲಗಿಲ್ಲ. ಟ್ರ್ಯಾಕ್ಟರು, ಲಾರಿಗಳು ಸಾಗಿಸುವುದರ ಮುಂದೆ ಸೈಕಲ್ಲಿನ ಪಾಲು ಅತ್ಯಲ್ಪ, ನಿಜ. ಆದರೆ ಟ್ರ್ಯಾಕ್ಟರು ಹೋಗದ ಬೆಟ್ಟದ ತಪ್ಪಲಿಗೂ ಸೈಕಲ್ಲು ಹೋಗುತ್ತದೆ. ಹೊರಡುವ ಮೊದಲು ಟೈರು ತೊಳೆಯಲು ಒಂದು ಕೊಡ ನೀರು ಸಾಕು. ಎರೆಭೂಮಿ ನೆನೆದಿದ್ದಾಗ ಬರದೇ ಇದ್ದರೆ ಇನ್ನೂ ಒಳ್ಳೆಯದು. ಆಗ ಬಿದ್ದ ಗಾಲಿಗೆರೆ ಒಣಗಿ ಗಟ್ಟಿಯಾಗಿ ಮುಂದಿನ ಮಳೆಗೆ ಕಾಲುವೆಯಾಗುತ್ತದೆ.

ಹಳ್ಳಿಯ ಕೈಯಲ್ಲಿರುವ ಕೆಲಸ ಯಾವುದು? ಸವಾರರಿಗೆ ಚಹಾ ಮಾರುವುದಕ್ಕಿಂತ ಮೊದಲು ಊರು ತನ್ನ ದಾರಿಗಳನ್ನು ಎಣಿಸಿಕೊಳ್ಳಬೇಕು. ಉದ್ಯೋಗ ಖಾತರಿಯ ಹಣದಲ್ಲಿ 'ನಮ್ಮ ಹೊಲ ನಮ್ಮ ದಾರಿ' ಎಂದು ಹೊಲದ ದಾರಿಗಳಿಗೆ ಕೆಲಸ ನಡೆದ ಊರುಗಳಿವೆ. ಹಣ ಬಂದಾಗ ದಾರಿ ಎಲ್ಲಿದೆಯೆಂದು ಹುಡುಕುವ ಬದಲು, ಗುರುತು ಮೊದಲೇ ಆಗಿದ್ದರೆ ಆ ಹಣ ಚರಂಡಿಗೂ ಅಡ್ಡ ಏರಿಗೂ ಸಲ್ಲುತ್ತದೆ. ಗ್ರಾಮ ನಕಾಶೆ ಕಂದಾಯ ಇಲಾಖೆಯಲ್ಲಿ ಸಿಗುತ್ತದೆ. ನಿಂತ ನೆಲದ ಸರ್ವೆ ನಂಬರನ್ನು ತೋರಿಸುವ 'ದಿಶಾಂಕ್' ತಂತ್ರಾಂಶ ಮೊಬೈಲಿನಲ್ಲೇ ಇದೆ. ಹೈಸ್ಕೂಲಿನ, ಕಾಲೇಜಿನ ನಾಲ್ಕು ಮಂದಿ ವಿದ್ಯಾರ್ಥಿಗಳು ಹಳೆಯ ದಾರಿ ಬಲ್ಲ ಒಬ್ಬ ಅಜ್ಜನನ್ನು ಮುಂದಿಟ್ಟುಕೊಂಡು ಒಂದು ಭಾನುವಾರ ನಡೆದರೆ ಊರಿನ ಒಂದು ದಿಕ್ಕಿನ ನಕಾಶೆ ದಾರಿಗಳೆಲ್ಲ ಗುರುತಿಗೆ ಬರುತ್ತವೆ: ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ, ಎಲ್ಲಿ ಬೇಲಿಸಾಲು ಉಳಿದಿದೆ. ನಗರದಿಂದ ಬರುವ ಸವಾರರ ಬಳಿ ದಾರಿಯನ್ನು ಕರಾರುವಾಕ್ಕಾಗಿ ದಾಖಲಿಸುವ ಉಪಕರಣಗಳಿವೆ. ಊರು ಕರೆದರೆ ಅವರೂ ಜೊತೆಗೆ ಬಂದಾರು. ಆ ಪಟ್ಟಿ ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಸೇರಿ, ಅದರ ಪ್ರತಿ ತಹಶೀಲ್ದಾರರಿಗೆ ಹೋಗಬೇಕು. ಕಾಡಂಚಿನ ಯಾವ ದಾರಿ ಸವಾರರಿಗೆ ಮುಕ್ತ, ಯಾವುದು ಅಲ್ಲ ಎಂಬ ಮಾತನ್ನೂ ಅದೇ ಸಭೆಯಲ್ಲಿ ಬರೆಸಿಡಬೇಕು.

ಇದಕ್ಕೆ ತಕ್ಕ ಕಾಲ ಮುಂಗಾರು ಬೆಳೆ ಕೊಯ್ದು ಹಿಂಗಾರಿನ ಉಳುಮೆ ಆರಂಭವಾಗುವುದರೊಳಗೆ. ಆ ಕೆಲವು ವಾರಗಳಲ್ಲಿ ಹೊಲ ಬರಿದಾಗಿರುತ್ತದೆ, ಹಳೆಯ ದಾರಿಯ ಅಂಚು ಕಣ್ಣಿಗೆ ಕಾಣುತ್ತದೆ. ನೇಗಿಲು ಇಳಿದ ಮೇಲೆ ಮತ್ತೊಂದು ಸಾಲು ಹೋಗಿರುತ್ತದೆ.